ಅರ್ಧ ಡೋಸಿನ ಲೆಕ್ಕ

ಸಿಂಧನೂರಿನ ನಮ್ಮ ಭತ್ತದ ಗದ್ದೆಯಲ್ಲಿ ಎಲೆ ಸುತ್ತೋ ಹುಳು ಬಿದ್ದಾಗ ಬೆಂಗಳೂರಿನಿಂದ ಫೋನಲ್ಲೇ ಹೇಳಿದ್ದೆ: "ಅಪ್ಪಾ, ಎಣ್ಣಿ ಅರ್ಧ ಡೋಸ್ ಸಾಕು, ಅರ್ಧ ಹುಳ ಆದ್ರೂ ಸಾಯ್ತಾವು." ಕೆಲವೇ ವಾರದಲ್ಲಿ ಪೈರು ಅಲ್ಲಲ್ಲಿ ಗುಂಡಗೆ ಸುಟ್ಟಂತಾಯ್ತು. ಕಂದು ಜಿಗಿಹುಳು!

ಆಮೇಲೆ ಓದಿದೆ. ಇದು ಕೂರೋದು ಬುಡದಲ್ಲಿ. ಪೂರ್ತಿ ಡೋಸ್ ಹೊಡೆದರೂ ಅಲ್ಲಿಗಿಳಿಯೋದು ಚೂರೇ. ನಾವು ಹೊಡೆದ ಡೆಲ್ಟಾಮೆಥ್ರಿನ್ ಸಾಯದಷ್ಟೇ ತಾಗಿದರೆ ಹೆಣ್ಣುಹುಳುಗಳು ಮಾಮೂಲಿಗಿಂತ ಹೆಚ್ಚು ಮೊಟ್ಟೆ ಇಡುತ್ತವೆ. ಅವನ್ನು ತಿನ್ನೋ ಜೇಡ ಮಾತ್ರ ಸಾಯುತ್ತೆ. ಇಂಡೋನೇಷ್ಯಾ 1986ರಲ್ಲಿ ಭತ್ತಕ್ಕೆ 57 ಕೀಟನಾಶಕ ನಿಷೇಧಿಸಿದ್ದು ಇದೇ ಹುಳುವಿನ ಕಾಟಕ್ಕೆ.

ಅಪ್ಪ ಬೈಯಲಿಲ್ಲ. "ಮುಂದಿನ ಸರ್ತಿ ಬುಡಕ್ಕ ಬಗ್ಗಿ ನೋಡಿ ಹೇಳಪ" ಅಂದರು. ಶುಕ್ರವಾರದ ಬಸ್ಸಿಗೆ ಟಿಕೆಟ್ ಬುಕ್ ಮಾಡಿದ್ದೀನಿ.