ನಿಲ್ಲುವ ಶಕ್ತಿ

ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲಿನ ಸೈಕಲ್ಲು ನನ್ನ ನಿತ್ಯದ ಸಂಗಾತಿ. ಓಟದಲ್ಲಿ ಅದು ಜಿಂಕೆ. ಆದರೆ ಬ್ರೇಕು ಬಲು ದುರ್ಬಲವಾಗಿತ್ತು. ಬ್ರೇಕು ಅದೇ ಆಗಿ ವೇಗ ಇಮ್ಮಡಿಯಾದರೆ, ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ. ಮೈಸೂರಿನ ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಮಗುವೊಂದು ಅಡ್ಡ ಬಂದರೆ ಈ ಲೆಕ್ಕ ಪ್ರಾಣದ ಪ್ರಶ್ನೆಯಾಗುತ್ತದೆ.

ಪರೀಕ್ಷಿಸಿದಾಗ, ಬೆರಳುಗಳ ಬಲ ಗಾಲಿಯನ್ನು ಮುಟ್ಟುವ ಮೊದಲೇ ವ್ಯರ್ಥವಾಗುತ್ತಿದ್ದುದು ತಿಳಿಯಿತು. ತುಕ್ಕು ಹಿಡಿದ ತಂತಿಯನ್ನೂ ಅದರ ಕವಚವನ್ನೂ ಬದಲಿಸಿದೆ. ಕಲ್ಲಿನಂತಾಗಿದ್ದ ಬ್ರೇಕ್ ರಬ್ಬರುಗಳನ್ನು ತೆಗೆದು ಹೊಸವನ್ನು ಹಾಕಿಸಿದೆ. ರಿಮ್ಮಿನ ಜಿಡ್ಡನ್ನು ಒರೆಸಿದೆ. ಇಳಿಯುವಾಗ ಹ್ಯಾಂಡಲಿನ ಕೆಳಭಾಗವನ್ನು ಹಿಡಿದು ಬ್ರೇಕಿನ ಸನ್ನೆಯನ್ನು ತುದಿಯಲ್ಲಿ ಅಮುಕುತ್ತೇನೆ. ಸನ್ನೆಯ ತೋಳು ಉದ್ದವಾದಷ್ಟೂ ಬಲ ಹೆಚ್ಚಲ್ಲವೇ? ಮಳೆಯಲ್ಲಿ ಉಕ್ಕಿನ ರಿಮ್ಮು ಜಾರುವುದರಿಂದ ನಿಧಾನವೇ ಲೇಸು.

ಓಡುವ ಶಕ್ತಿಯನ್ನು ಎಲ್ಲರೂ ಹೊಗಳುತ್ತಾರೆ. ಬೇಕೆಂದಲ್ಲಿ ನಿಲ್ಲಬಲ್ಲವನನ್ನು ದಾರಿಹೋಕರು ನಂಬುತ್ತಾರೆ.