ಸಾವಿರ ಪ್ರತಿಗಳ ಹುಲಿಹಾಲು

ಕಾಲೇಜಿನ ಪ್ರಾಜೆಕ್ಟ್ ವರ್ಕಿನ ಹಣೆಬರಹ ವಿದ್ಯಾರ್ಥಿಗಳಿಗೂ ಗೊತ್ತು, ಅವರ ಅಪ್ಪ ಅಮ್ಮಂದಿರಿಗೂ ಗೊತ್ತು. ಕೊನೆಯ ವಾರದಲ್ಲಿ ನಿದ್ದೆಗೆಟ್ಟು ಬರೆದದ್ದು ಜೆರಾಕ್ಸ್ ಅಂಗಡಿಯಲ್ಲಿ ಬೈಂಡ್ ಆಗಿ, ಮೇಷ್ಟ್ರ ಸಹಿ ಪಡೆದು, ಒಂದಿಷ್ಟು ಅಂಕವಾಗಿ ಮಾರ್ಪಟ್ಟು, ಡಿಪಾರ್ಟ್‌ಮೆಂಟಿನ ಬೀರು ಸೇರಿದರೆ ಅದರ ಜನ್ಮ ಸಾರ್ಥಕ. ಆಮೇಲೆ ಅದನ್ನು ತೆರೆದು ನೋಡುವುದು ಜಿರಲೆಗಳು ಮಾತ್ರ.

ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಸ್ಟೋ ಕಾಲೇಜಿನಲ್ಲಿ 1996ರಲ್ಲಿ ತಯಾರಾದ ಒಂದು ಪ್ರಾಜೆಕ್ಟ್ ಮಾತ್ರ ಬೀರು ಸೇರಲಿಲ್ಲ. ಅದು ಹತ್ತು ಹಾಡುಗಳ ಒಂದು ಎಲ್‌ಪಿ ತಟ್ಟೆ. ಹೆಸರು ‘ಟೈಗರ್‌ಮಿಲ್ಕ್’. ಹಾಡಿದ ತಂಡ ‘ಬೆಲ್ ಅಂಡ್ ಸೆಬಾಸ್ಟಿಯನ್’. ಅಚ್ಚಾದದ್ದು ಒಂದೇ ಒಂದು ಸಾವಿರ ಪ್ರತಿ. ಹುಲಿಹಾಲು ಎಂದೊಡನೆ ಕನ್ನಡದ ಕಿವಿಗೆ, ಆಗದ ಕೆಲಸ ಹೇಳಿ ಕಾಡಿಗೆ ಕಳಿಸಿದ ಹುಡುಗನ ಕತೆ ನೆನಪಾಗುತ್ತದೆ. ಗ್ಲಾಸ್ಗೊದ ಹಾಡುಗಾರರಿಗೆ ಆ ಕತೆ ಗೊತ್ತಿರಲಿಕ್ಕಿಲ್ಲ. ಆದರೆ ಈ ತಟ್ಟೆಯ ಹಿಂದೆಯೂ ಕಾಡು ಹೊಕ್ಕು ಬಂದ ಒಬ್ಬ ಹುಡುಗನಿದ್ದಾನೆ.

ಆ ವರ್ಷ ಬ್ರಿಟನ್ನಿನಲ್ಲಿ ಇಂಡಿ ಸಂಗೀತಕ್ಕೆ ಶುಕ್ರದೆಸೆ. ದೊಡ್ಡ ಕಂಪನಿಗಳ ಹಂಗಿಲ್ಲದೆ, ಸಣ್ಣ ಸ್ವತಂತ್ರ ಸಂಸ್ಥೆಗಳಿಂದ ಹೊರಬರುವ ಸಂಗೀತ ಎಂಬುದು ಈ ಇಂಡಿ ಪದದ ಮೂಲ ಅರ್ಥ. ಆದರೆ ಆ ಹೊತ್ತಿಗೆ ಅದೇ ದೊಡ್ಡ ಜಾತ್ರೆಯಾಗಿತ್ತು. 1996ರ ಆಗಸ್ಟಿನಲ್ಲಿ ನೆಬ್‌ವರ್ತ್ ಎಂಬಲ್ಲಿ ‘ಓಯಸಿಸ್’ ತಂಡ ಎರಡು ರಾತ್ರಿ ಹಾಡಿದಾಗ ಸೇರಿದ ಜನ ಸುಮಾರು ಎರಡೂವರೆ ಲಕ್ಷ. ಅದಕ್ಕೆ ಎರಡು ತಿಂಗಳು ಮುಂಚೆ, ಜೂನ್ 6ರಂದು, ಕಾಲೇಜಿನ ಈ ಸಾವಿರ ತಟ್ಟೆಗಳು ಸದ್ದಿಲ್ಲದೆ ಹೊರಬಂದಿದ್ದವು.

ಏಳು ವರ್ಷದ ರಜೆ

ಹಾಡುಗಳನ್ನು ಬರೆದವನು ಸ್ಟುವರ್ಟ್ ಮರ್ಡಾಕ್. ಹುಟ್ಟಿದ್ದು 1968ರಲ್ಲಿ. ಗ್ಲಾಸ್ಗೊ ವಿಶ್ವವಿದ್ಯಾಲಯಕ್ಕೆ ಸೇರಿದ್ದ. ಓಡಾಟ, ಗೆಳೆಯರು, ಹಾಡು, ರೆಕಾರ್ಡು ಎಂದು ಚುರುಕಾಗಿದ್ದ ಹುಡುಗ. ಎಂಬತ್ತರ ದಶಕದ ಕೊನೆಯಲ್ಲಿ ಕಾಯಿಲೆ ಬಿದ್ದ. ಜ್ವರವಲ್ಲ, ಗಾಯವಲ್ಲ. ನಾಲ್ಕು ಹೆಜ್ಜೆ ನಡೆದರೆ ನಾಲ್ಕು ದಿನ ಏಳಲಾಗದಂಥ ದಣಿವು. ಎಷ್ಟು ನಿದ್ದೆ ಮಾಡಿದರೂ ಹೋಗದ ಆಯಾಸ. ವೈದ್ಯರು ಇದಕ್ಕೆ ಎಂ.ಇ. ಎನ್ನುತ್ತಾರೆ, ದೀರ್ಘಕಾಲದ ದಣಿವಿನ ಕಾಯಿಲೆ ಎಂದೂ ಕರೆಯುವುದುಂಟು. ರಕ್ತ ಪರೀಕ್ಷೆ ಮಾಡಿ ಹೌದು, ಅಲ್ಲ ಎಂದು ಹೇಳುವ ಉಪಾಯ ಇಂದಿಗೂ ಇಲ್ಲ. ಬ್ರಿಟನ್ನಿನ ಪತ್ರಿಕೆಗಳು ಆ ಕಾಲದಲ್ಲಿ ಇದನ್ನು ‘ಯಪ್ಪಿ ಫ್ಲೂ’ ಎಂದು ಗೇಲಿ ಮಾಡುತ್ತಿದ್ದವು. ಅನುಕೂಲಸ್ಥ ಮನೆಯ ಹುಡುಗರ ಸೋಮಾರಿತನ ಎಂಬ ಧ್ವನಿ ಅದರಲ್ಲಿ! ನೋವು ಒಂದು ಕಡೆ, ನೋವಿದೆ ಎಂದರೆ ನಂಬದವರು ಇನ್ನೊಂದು ಕಡೆ.

ಸುಮಾರು ಏಳು ವರ್ಷ ಹೀಗೇ ಕಳೆಯಿತು. ಹಿರಿಯರು ಕಂಡಿದ್ದರೆ ಏಳರಾಟದ ಶನಿ ಎನ್ನುತ್ತಿದ್ದರೇನೋ. ಓದು ನಿಂತಿತು. ಕೆಲಸ ಹಿಡಿಯುವಂತಿರಲಿಲ್ಲ. ಜೊತೆಯವರು ಪದವಿ ಪಡೆದರು, ನೌಕರಿ ಹಿಡಿದರು, ಊರು ಬಿಟ್ಟರು. ಈತನಿಗೆ ಉಳಿದದ್ದು ಹಾಸಿಗೆ, ಕಿಟಕಿ, ಮತ್ತೊಂದು ಪಿಯಾನೊ. ಆ ಪಿಯಾನೊ ಮುಂದೆ, ಕೂರಲು ಆದಷ್ಟು ಹೊತ್ತು ಕುಳಿತು, ಹಾಡು ಕಟ್ಟುವುದನ್ನು ತಾನೇ ಕಲಿತ. ಇದೇನು ಸಾಧನೆಯ ಹಟವಲ್ಲ. ಬೇರೆ ಏನೂ ಮಾಡಲಾಗದವನು ಮಾಡಬಹುದಾದ ಒಂದೇ ಕೆಲಸ ಅದಾಗಿತ್ತು.

ನಿಧಾನವಾಗಿ ಏಳುವ ಶಕ್ತಿ ಬಂತು. 1995ರ ಹೊತ್ತಿಗೆ ಗ್ಲಾಸ್ಗೊದ ಒಂದು ಚರ್ಚಿನ ಸಭಾಭವನದ ಮೇಲಿನ ಮನೆಯಲ್ಲಿ ವಾಸ. ಬಾಡಿಗೆಯ ಬದಲಿಗೋ ಎಂಬಂತೆ ಆ ಭವನವನ್ನು ನೋಡಿಕೊಳ್ಳುವ ಕೆಲಸ. ಕುರ್ಚಿ ಜೋಡಿಸುವುದು, ಬಾಗಿಲು ಹಾಕುವುದು, ಗುಡಿಸುವುದು. ಇಷ್ಟರ ನಡುವೆ, ನಿರುದ್ಯೋಗಿ ಸಂಗೀತಗಾರರಿಗಾಗಿ ಸರ್ಕಾರದ ನೆರವಿನಲ್ಲಿ ನಡೆಯುತ್ತಿದ್ದ ‘ಬೀಟ್‌ಬಾಕ್ಸ್’ ಎಂಬ ತರಬೇತಿಗೆ ಸೇರಿದ. ಅಲ್ಲಿ ಸಿಕ್ಕವನು ಇನ್ನೊಬ್ಬ ಸ್ಟುವರ್ಟ್, ಸ್ಟುವರ್ಟ್ ಡೇವಿಡ್. ಇಬ್ಬರೂ ಸೇರಿ ಕೆಲವು ಹಾಡುಗಳನ್ನು ಮಾದರಿಗೆಂದು ಮುದ್ರಿಸಿಕೊಂಡರು.

ಕ್ಲಾಸಿನಲ್ಲಿ ಸಿಕ್ಕ ಕಂಪನಿ

ಸ್ಟೋ ಕಾಲೇಜು ಹೆಸರುವಾಸಿ ವಿಶ್ವವಿದ್ಯಾಲಯವಲ್ಲ. ಕಸುಬು ಕಲಿಸಲೆಂದು 1934ರಲ್ಲಿ ಶುರುವಾದ ಸಂಸ್ಥೆ. ನಮ್ಮ ಕಡೆಯ ಪಾಲಿಟೆಕ್ನಿಕ್ ಎಂದುಕೊಳ್ಳಿ. ಅಲ್ಲಿ ಸಂಗೀತದ ವ್ಯವಹಾರ ಕಲಿಸುವ ಒಂದು ಕೋರ್ಸಿತ್ತು. ಹಾಡುವುದನ್ನಲ್ಲ, ಹಾಡನ್ನು ಅಂಗಡಿಗೆ ಮುಟ್ಟಿಸುವುದನ್ನು ಕಲಿಸುವ ಕೋರ್ಸು. ಪಾಠ ಹೇಳುತ್ತಿದ್ದವರಲ್ಲಿ ಒಬ್ಬರು ಆಲನ್ ರ್‍ಯಾಂಕಿನ್. ಎಂಬತ್ತರ ದಶಕದ ಆರಂಭದಲ್ಲಿ ‘ದಿ ಅಸೋಸಿಯೇಟ್ಸ್’ ತಂಡದಲ್ಲಿದ್ದು ಹೆಸರು ಮಾಡಿದವರು. ಈಜು ಕಲಿಸಬೇಕಾದರೆ ನೀರಿಗಿಳಿಸಬೇಕು ಎಂಬ ನ್ಯಾಯದಂತೆ, ವಿದ್ಯಾರ್ಥಿಗಳೇ ನಡೆಸುವ ‘ಎಲೆಕ್ಟ್ರಿಕ್ ಹನಿ’ ಎಂಬ ರೆಕಾರ್ಡ್ ಕಂಪನಿಯೇ ಆ ಕಾಲೇಜಿನಲ್ಲಿತ್ತು. ಪ್ರತಿ ವರ್ಷ ಒಂದು ತಂಡವನ್ನು ಆರಿಸಿ, ಒಪ್ಪಂದ ಬರೆದು, ತಟ್ಟೆ ಅಚ್ಚು ಹಾಕಿಸಿ, ಹೊದಿಕೆ ಮಾಡಿಸಿ, ರೇಡಿಯೊಗಳಿಗೆ ಕಳಿಸುವುದು ಮಕ್ಕಳ ಕೆಲಸ.

ಆ ಕೋರ್ಸಿನಲ್ಲಿದ್ದ ರಿಚರ್ಡ್ ಕೋಲ್ಬರ್ನ್ ಎಂಬ ವಿದ್ಯಾರ್ಥಿ ಡ್ರಮ್ಸ್ ಬಾರಿಸುತ್ತಿದ್ದ; ಸ್ಟುವರ್ಟ್ ಡೇವಿಡ್‌ನ ಜೊತೆ ಒಂದೇ ಮನೆಯಲ್ಲಿ ವಾಸ. ಹೀಗೆ ಮಾದರಿ ಹಾಡುಗಳು ಕ್ಲಾಸಿನ ಕಿವಿಗೆ ಬಿದ್ದವು. ಸಾಮಾನ್ಯವಾಗಿ ಕಾಲೇಜು ತರುತ್ತಿದ್ದದ್ದು ಒಂದೆರಡು ಹಾಡಿನ ಸಣ್ಣ ತಟ್ಟೆ. ಮರ್ಡಾಕ್‌ನ ಬಳಿಯೋ ಏಳು ವರ್ಷದ ಹಾಡುಗಳ ರಾಶಿ! ಇಡೀ ಆಲ್ಬಮ್ಮನ್ನೇ ತರೋಣ ಎಂದು ತೀರ್ಮಾನವಾಯಿತು. ಗಿಟಾರಿಗೆ ಸ್ಟೀವಿ ಜಾಕ್ಸನ್, ಕೀಬೋರ್ಡಿಗೆ ಕ್ರಿಸ್ ಗೆಡ್ಸ್, ಚೆಲ್ಲೊ ನುಡಿಸಲು ಇನ್ನೂ ಇಪ್ಪತ್ತು ತುಂಬದ ಇಸೊಬೆಲ್ ಕ್ಯಾಂಪ್‌ಬೆಲ್, ತುತ್ತೂರಿಗೆ ಮಿಕ್ ಕುಕ್. ಕೂಡಿಕೊಂಡು ಕೆಲವೇ ವಾರಗಳಾಗಿದ್ದ ಈ ಗುಂಪು 1996ರ ಮಾರ್ಚಿನಲ್ಲಿ ಮೂರೇ ದಿನದಲ್ಲಿ ಹಾಡುಗಳನ್ನು ಮುದ್ರಿಸಿತು. ನಿರ್ಮಾಣದ ಹೊಣೆ ರ್‍ಯಾಂಕಿನ್ ಮೇಷ್ಟ್ರದು. ತಂಡದ ಹೆಸರು ಫ್ರೆಂಚ್ ಲೇಖಕಿ ಸೆಸಿಲ್ ಓಬ್ರಿಯ, ಒಬ್ಬ ಹುಡುಗ ಮತ್ತು ಅವನ ನಾಯಿಯ ಕತೆಯಿಂದ ಬಂದದ್ದು. ಹೊದಿಕೆಯ ಮೇಲೆ ಒಂದು ಫೋಟೊ: ಆಟಿಕೆಯ ಹುಲಿಮರಿಯನ್ನು ಮಗುವಿನಂತೆ ಎದೆಗವಚಿಕೊಂಡ ಯುವತಿ. ತೆಗೆದವನೂ ಮರ್ಡಾಕ್.

ಹಾಡುಗಳಲ್ಲಿ ಏನಿದೆ? ಕಿರುಚಾಟವಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗಬಾರದು ಎಂಬಂಥ ಮೆಲುದನಿ. ನಡುವೆ ಚೆಲ್ಲೊ, ಎಲ್ಲಿಂದಲೋ ಒಂದು ತುತ್ತೂರಿ. ‘ಎಕ್ಸ್‌ಪೆಕ್ಟೇಷನ್ಸ್’ ಎಂಬ ಹಾಡಿನಲ್ಲಿ ಶಾಲೆಯಲ್ಲಿ ಯಾರಿಗೂ ಬೇಡವಾದ ಹುಡುಗಿಯೊಬ್ಬಳು ತನ್ನ ಮೆಚ್ಚಿನ ವಾದ್ಯವೃಂದದವರ ಆಳೆತ್ತರದ ಬೊಂಬೆಗಳನ್ನು ಜೇಡಿಮಣ್ಣಿನಲ್ಲಿ ಮಾಡುತ್ತಾಳೆ. ಮೊದಲ ಹಾಡಿನಲ್ಲಿ, ತಪ್ಪೊಪ್ಪಿಗೆ ಕೇಳಿಸಿಕೊಂಡ ಪಾದ್ರಿ ಅದನ್ನೇ ಕಾದಂಬರಿ ಮಾಡಿಬಿಡುತ್ತಾನೆ. ಕೊನೆಯ ಹಾಡು ‘ಮೇರಿ ಜೋ’. ಒಂಟಿ ಹೆಂಗಸೊಬ್ಬಳು ಪುಸ್ತಕ ಓದುತ್ತಿದ್ದಾಳೆ. ಯಾವುದು ಎಂದು ನೋಡಿದರೆ, ಆ ಪಾದ್ರಿಯ ಕಾದಂಬರಿಯೇ! ಒಬ್ಬನ ಸಂಕಟ ಕತೆಯಾಗಿ, ತಟ್ಟೆ ತಿರುಗುವಷ್ಟರಲ್ಲಿ ಇನ್ನೊಬ್ಬಳ ಏಕಾಂತದ ಜೊತೆಗಾರನಾಗಿದೆ.

ಇನ್ನೊಂದು ಹಾಡಿದೆ, ‘ಐ ಕುಡ್ ಬಿ ಡ್ರೀಮಿಂಗ್’. ಅದರ ಕೊನೆಯಲ್ಲಿ ವಾದ್ಯಗಳ ಸದ್ದಿನ ಒಳಗಿನಿಂದ ಇಸೊಬೆಲ್‌ಳ ದನಿ ಏನನ್ನೋ ಓದುತ್ತಿರುತ್ತದೆ. ಕಿವಿಗೊಟ್ಟರೆ, ಅದು ‘ರಿಪ್ ವಾನ್ ವಿಂಕಲ್’. ಶಾಲೆಯಲ್ಲಿ ಓದಿದವರಿಗೆ ನೆನಪಿದ್ದೀತು: ಬೆಟ್ಟದಲ್ಲಿ ಮಲಗಿ ಇಪ್ಪತ್ತು ವರ್ಷ ಕಳೆದು ಎದ್ದವನ ಕತೆ. ಊರಿಗೆ ಬಂದರೆ ಊರೇ ಬದಲಾಗಿದೆ, ಗುರುತು ಹಿಡಿಯುವವರಿಲ್ಲ. ಏಳು ವರ್ಷ ಮಲಗೆದ್ದವನು ಬರೆದ ಹಾಡಿನಲ್ಲಿ ಈ ಕತೆ ಬಂದದ್ದು ಬರೀ ಅಲಂಕಾರಕ್ಕಿರಲಾರದು.

ಮುಂದಿನದು ಬೇಗ ನಡೆಯಿತು. ಅದೇ ವರ್ಷ ಲಂಡನ್ನಿನ ‘ಜೀಪ್‌ಸ್ಟರ್’ ಎಂಬ ಸಣ್ಣ ಕಂಪನಿ ತಂಡವನ್ನು ಕರೆಯಿತು. ನವೆಂಬರಿನಲ್ಲಿ ಎರಡನೆಯ ಆಲ್ಬಂ ಬಂತು. ಕೇಳುಗರು ಹೆಚ್ಚಿದಂತೆ ಮೊದಲ ತಟ್ಟೆಗೆ ಹುಡುಕಾಟ ಶುರುವಾಯಿತು. ಅಭಿಮಾನಿಗಳು ಕ್ಯಾಸೆಟ್ಟಿಗಿಳಿಸಿಕೊಂಡು ಒಬ್ಬರಿಂದೊಬ್ಬರಿಗೆ ಹಂಚಿಕೊಂಡರು. ಮೂಲ ಪ್ರತಿ ನೂರಾರು ಪೌಂಡಿಗೆ ಕೈ ಬದಲಾಯಿಸಿತು. 1999ರ ಫೆಬ್ರುವರಿಯಲ್ಲಿ ಬ್ರಿಟ್ ಪ್ರಶಸ್ತಿಗಳ ‘ಹೊಸಬರು’ ವಿಭಾಗದಲ್ಲಿ, ಜನರ ಮತದಿಂದ, ಇದೇ ತಂಡ ಗೆದ್ದಿತು. ಅಷ್ಟರಲ್ಲಾಗಲೇ ಅವರ ಮೂರು ಆಲ್ಬಂ ಬಂದಿದ್ದವು! ಆ ವರ್ಷವೇ ‘ಟೈಗರ್‌ಮಿಲ್ಕ್’ ಮತ್ತೆ ಅಚ್ಚಾಗಿ ಎಲ್ಲರಿಗೂ ಸಿಕ್ಕಿತು.

ಇದನ್ನು ಓದಿ, ಕಾಯಿಲೆ ಬಂದದ್ದೇ ಒಳ್ಳೆಯದಾಯಿತು ಎಂದುಕೊಂಡರೆ ಅದು ಕ್ರೌರ್ಯ. ಹಾಸಿಗೆ ಹಿಡಿದವರೆಲ್ಲ ಹಾಡು ಬರೆದು ಏಳುವುದಿಲ್ಲ. ಮರ್ಡಾಕ್‌ನನ್ನೂ ಆ ದಣಿವು ಪೂರ್ತಿ ಬಿಟ್ಟು ಹೋಗಲಿಲ್ಲ. 2024ರಲ್ಲಿ ಬಂದ ಅವನ ಕಾದಂಬರಿ ‘ನೋಬಡೀಸ್ ಎಂಪೈರ್’ ಆ ವರ್ಷಗಳನ್ನೇ ಕುರಿತದ್ದು. ಗಮನಿಸಬೇಕಾದದ್ದು ಬೇರೆ. ಮನೆಗಳಲ್ಲಿ ವರ್ಷಗಳ ಲೆಕ್ಕ ಬಲು ಬಿಗಿ. ಒಂದು ವರ್ಷ ಡ್ರಾಪ್ ಆದರೆ ನೆಂಟರಿಗೆ ಏನು ಹೇಳುವುದು ಎಂಬ ಚಿಂತೆ ಮೊದಲು. ಹುಡುಗನಿಗೆ ಏನಾಗಿದೆ ಎಂಬುದು ಆಮೇಲೆ. ಗ್ಲಾಸ್ಗೊದ ಈ ಹುಡುಗನಿಗೆ ಏಳು ವರ್ಷದ ಅಂಕಪಟ್ಟಿಯೇ ಇರಲಿಲ್ಲ. ಇದ್ದದ್ದು ಮಲಗಲು ಒಂದು ನೆಲೆ, ಕೈಗೆಟುಕುವ ಒಂದು ವಾದ್ಯ. ಎದ್ದ ಮೇಲೆ, ‘ಇಷ್ಟು ದಿನ ಎಲ್ಲಿದ್ದೆ?’ ಎಂದು ಕೇಳದೆ ಒಳಗೆ ಬಿಟ್ಟುಕೊಂಡ ಮೂರು ಬಾಗಿಲು: ಒಂದು ಚರ್ಚು, ಒಂದು ಸರ್ಕಾರಿ ತರಬೇತಿ, ಒಂದು ಸಾಧಾರಣ ಕಾಲೇಜು. ಇವುಗಳಲ್ಲಿ ಯಾವುದೂ ಪ್ರತಿಭಾನ್ವೇಷಣೆಗೆಂದು ಹೊರಟದ್ದಲ್ಲ. ಜಾಗ ಕೊಟ್ಟವು, ಅಷ್ಟೆ.

ಸ್ಟೋ ಕಾಲೇಜು 2013ರಲ್ಲಿ ಬೇರೆರಡು ಕಾಲೇಜುಗಳೊಂದಿಗೆ ಸೇರಿ ಗ್ಲಾಸ್ಗೊ ಕೆಲ್ವಿನ್ ಕಾಲೇಜಾಯಿತು. ‘ಸ್ನೋ ಪೆಟ್ರೋಲ್’, ‘ಬಿಫಿ ಕ್ಲೈರೊ’ದಂಥ ತಂಡಗಳ ಆರಂಭದ ತಟ್ಟೆಗಳನ್ನೂ ತಂದ ಹೆಮ್ಮೆ ಅಲ್ಲಿನ ವಿದ್ಯಾರ್ಥಿಗಳ ಕಂಪನಿಗಿದೆ. ಆಲನ್ ರ್‍ಯಾಂಕಿನ್ 2023ರ ಜನವರಿಯಲ್ಲಿ ತೀರಿಕೊಂಡರು. ಅದೇ ತಿಂಗಳು ‘ಬೆಲ್ ಅಂಡ್ ಸೆಬಾಸ್ಟಿಯನ್’ ಇನ್ನೊಂದು ಆಲ್ಬಂ ತಂದಿತು. ಅದಕ್ಕೆ ಅವರು ಇಟ್ಟ ಹೆಸರು ‘ಲೇಟ್ ಡೆವಲಪರ್ಸ್’. ತಡವಾಗಿ ಬೆಳೆದವರು.