ಗೋಳಗುಮ್ಮಟದಲ್ಲಿ ಒಬ್ಬ ಗೌಂಡಿ

ವಿಜಾಪುರದ ಪ್ರವಾಸಕ್ಕೆ ಎರಡು ದಿನ ಮುಂಚೆ ಹತ್ತನೇ ಇಯತ್ತೆಯ ಹುಡುಗನೊಬ್ಬನ ತಂದೆ ಶಾಲೆಗೆ ಬಂದರು. ಗೌಂಡಿ ಕೆಲಸದವರು. ಬೆರಳ ಸಂದಿಯಲ್ಲಿ ಸಿಮೆಂಟು ಇನ್ನೂ ಒಣಗಿ ನಿಂತಿತ್ತು.

“ಸರ, ಕಲ್ಲು ನೋಡಾಕ ಇಷ್ಟು ರೊಕ್ಕ ಯಾಕ್ರಿ? ಪರೀಕ್ಷಾ ಮುಗದ ಕೂಡ್ಲೇ ಇವನ್ನ ನನ್ನ ಜೋಡಿ ಗೋವಾಕ್ಕ ಕರಕೊಂಡ ಹೋಗಾಂವ ಅದೇನಿ. ಅಲ್ಲೆ ದಿನಾ ಕಲ್ಲ ನೋಡತಾನ.”

ಹುಡುಗ ಬಾಗಿಲ ಹೊರಗೆ ನೆಲ ನೋಡುತ್ತ ನಿಂತಿದ್ದ. ಗಣಿತದಲ್ಲಿ ಮಧ್ಯಮ, ಚಿತ್ರ ಬಿಡಿಸುವುದರಲ್ಲಿ ಮುಂದು. ಕಣ್ಣಿನ ಚಿತ್ರ ಬರೆ ಎಂದರೆ ಪುಸ್ತಕದಲ್ಲಿರುವುದಕ್ಕಿಂತ ಚೆಂದಾಗಿ ಬರೆಯುತ್ತಾನೆ. ತಂದೆಗೆ ಏನು ಹೇಳಬೇಕೆಂದು ನನಗೆ ತಟ್ಟನೆ ಹೊಳೆಯಲಿಲ್ಲ. “ಹುಡುಗರನ್ನ ನೋಡಿಕೊಳ್ಳಾಕ ಇಬ್ಬರು ಪಾಲಕರು ಬೇಕಾಗ್ಯಾರ. ನೀವ ಬರ್ರಿ” ಎಂದುಬಿಟ್ಟೆ. ಒಂದು ದಿನದ ಪಗಾರ ಹೋಗುತ್ತದೆಂದು ಗೊಣಗಿದರೂ ಬಸ್ಸು ಹೊರಡುವ ಹೊತ್ತಿಗೆ ಬುತ್ತಿಗಂಟಿನೊಡನೆ ಹಾಜರಿದ್ದರು.

ಹಿರೇಬೆಂಡಿಗೇರಿಯವರಾದ ನಮಗೆ ವಿಜಾಪುರ ತೀರ ಹೊರಗಿನ ಊರಲ್ಲ. ನಮ್ಮ ಪಕ್ಕದ ಬಂಕಾಪುರದ ಕೋಟೆ ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಆದಿಲ್ ಶಾಹಿಗಳ ಕೈ ಸೇರಿತ್ತು. ಸವಣೂರಿನ ನವಾಬರ ಮನೆತನದ ಮೂಲಪುರುಷನೂ ಮೊದಲು ವಿಜಾಪುರದ ಸೇವೆಯಲ್ಲಿದ್ದವನೇ. ಊರಿನ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ವಿಜಯಪುರವಾಗಿದೆ. ನನ್ನ ನಾಲಿಗೆ ಮಾತ್ರ ಇನ್ನೂ ವಿಜಾಪುರದಲ್ಲಿಯೇ ಇದೆ.

ನಾವು ರಾತ್ರಿ ಪ್ರಯಾಣ ಮಾಡಿದ್ದಕ್ಕೆ ಕಾರಣವಿತ್ತು. ಹಿಂದೆ ಎರಡು ಸಲ ಮಕ್ಕಳನ್ನು ಕರೆತಂದಾಗ ಮಧ್ಯಾಹ್ನದ ಹೊತ್ತಿಗೆ ಗುಮ್ಮಟ ಹತ್ತಿದ್ದೆ. ಐದಾರು ಶಾಲೆಗಳ ಮಕ್ಕಳು ಒಟ್ಟಿಗೆ ಕಿರುಚಿ, ಸೀಟಿ ಹೊಡೆದು, ಅಲ್ಲಿ ಕೇಳಿಸಿದ್ದು ಸಂತೆಯ ಗದ್ದಲವೊಂದೇ. ವರ್ಷವಿಡೀ ಪ್ರತಿಧ್ವನಿಯ ಪಾಠ ಮಾಡಿ ಅದನ್ನು ಕೇಳಿಸಲಾಗದೆ ಮರಳಿದ್ದೆ. ಈ ಸಲ ಬೆಳಗಿನ ಆರಕ್ಕೆ ಗೇಟು ತೆರೆಯುವಾಗ ನಾವೇ ಮೊದಲಿಗರಾಗಿದ್ದೆವು. ನೀವು ಹೋಗುವುದಾದರೂ ಹೀಗೇ ಮಾಡಿರಿ.

ಗೇಟಿನಲ್ಲಿ ಸಿಕ್ಕ ಗೈಡು ಬಿಳಿಗಡ್ಡದ ಹಿರಿಯರು. ಇಡೀ ದಿನ ನಡೆದೇ ಊರು ತೋರಿಸಬೇಕೆಂದಾಗ ನನ್ನ ಕೂದಲು ನೋಡಿ, “ನಾನೇನೋ ನಡೀತೀನಿ, ನೀವು?” ಎಂದರು. ಮಕ್ಕಳು ಆಗಲೇ ಅವರನ್ನು ‘ಅಜ್ಜಾರ’ ಎನ್ನಲು ಶುರುಮಾಡಿದ್ದರು.

ಮೂಲೆಯ ಏಳಂತಸ್ತಿನ ಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿ, ಗುಮ್ಮಟದ ಬುಡದಲ್ಲಿರುವ ಬಾಗಿಲಿನಿಂದ ಒಳಗಿನ ಮೊಗಸಾಲೆಗೆ ಬಂದೆವು. ಅಜ್ಜ ತುಟಿಯ ಮೇಲೆ ಬೆರಳಿಟ್ಟರು. ನಲವತ್ತೆರಡು ಮಕ್ಕಳು ಉಸಿರು ಹಿಡಿದರು. ಅವರು ಒಂದೇ ಒಂದು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ಎದುರಿನ ಗೋಡೆಗೆ ಹೋಯಿತು, ಬಂದಿತು, ಮತ್ತೆ ಹೋಯಿತು. ಇಪ್ಪತ್ತಾರು ವರ್ಷ ಪಾಠ ಮಾಡಿದ್ದು ಅಂದು ನನ್ನ ಕಿವಿಗೆ ಬಿತ್ತು.

“ಏಳು ಸಲ” ಎಂದರು ಅಜ್ಜ. ಒಬ್ಬ ಆರು ಎಂದ, ಒಬ್ಬಳು ಒಂಬತ್ತು ಎಂದಳು, ಜಗಳವೇ ಹತ್ತಿತು. ಅಲ್ಲಿಯೇ ಕೂತು ಲೆಕ್ಕ ಮಾಡಿದೆವು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಹೋಗಿ ಬರಲು 76 ಮೀಟರ್. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದರೆ ಒಂದು ಸುತ್ತಿಗೆ 0.22 ಸೆಕೆಂಡು. ಎರಡು ಶಬ್ದಗಳ ನಡುವೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟಾದರೂ ಅಂತರವಿದ್ದರೆ ಕಿವಿ ಅವನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ಇಲ್ಲಿ ಅದರ ಎರಡು ಪಟ್ಟಿದೆ. ಆದರೆ ಒಂದು ಸೆಕೆಂಡಿಗೆ ನಾಲ್ಕೈದು ಪ್ರತಿಧ್ವನಿ ಬಂದರೆ, ಅದೂ ಒಂದಕ್ಕಿಂತ ಒಂದು ಕ್ಷೀಣವಾಗುತ್ತ ಬಂದರೆ, ಎಣಿಸುವುದು ಯಾರಿಂದಾದೀತು? ಏಳೋ ಹತ್ತೋ ಎಂಬ ವಾದ ಇನ್ನೂ ಮುಗಿಯದಿರುವುದು ಇದರಿಂದಲೇ ಇರಬೇಕು.

ಪಿಸುಮಾತಿನದು ಬೇರೆಯೇ ವಿಷಯ. ಗೋಡೆಗೆ ಬಾಯಿ ಹತ್ತಿಸಿ ಪಿಸುಗುಟ್ಟಿದರೆ ಎದುರು ತುದಿಯಲ್ಲಿ ಗೋಡೆಗೆ ಕಿವಿಗೊಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಶಬ್ದ ಬಾಗಿದ ಗೋಡೆಯನ್ನು ತಬ್ಬಿಕೊಂಡೇ ಸುಮಾರು 60 ಮೀಟರ್ ಸಾಗುತ್ತದೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟವನ್ನು ನೋಡಿ ಲಾರ್ಡ್ ರ್‍ಯಾಲೆ ಇದಕ್ಕೆ ವಿವರಣೆ ಕೊಟ್ಟಿದ್ದರು. ನಮ್ಮ ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲಿ ಅಲ್ಲಿಯೂ ಈ ಗೋಳಗುಮ್ಮಟದಲ್ಲಿಯೂ ಅದನ್ನು ಪರಿಶೀಲಿಸಿ ಬರೆದರು. ಗೋಡೆಯಿಂದ ಒಳಗೆ ಸರಿದಂತೆ ಶಬ್ದ ಒಂದೇ ಸಮನೆ ಕುಗ್ಗುವುದಿಲ್ಲ, ಏರಿಳಿಯುತ್ತದೆ ಎಂಬುದು ಅವರು ಕಂಡುಕೊಂಡ ಅಂಶ. ನೊಬೆಲ್ ಬಂದದ್ದು 1930ರಲ್ಲಿ, ಬೆಳಕಿನ ಕೆಲಸಕ್ಕೆ.

ಗೌಂಡಿ ಮಾತ್ರ ಇದಾವುದನ್ನೂ ಕೇಳುತ್ತಿರಲಿಲ್ಲ. ಕಟಾಂಜನದ ಹತ್ತಿರ ನಿಂತು ಕೆಳಗಿನ ಕಮಾನುಗಳನ್ನೇ ನೋಡುತ್ತಿದ್ದರು.

“ಸರ, ಇದು ನಡುವ ಒಂದೂ ಕಂಬ ಇಲ್ದ ಹೆಂಗ ನಿಂತೈತ್ರಿ?”

ಗುಮ್ಮಟದ ಭಾರ ಕೆಳಗೆ ಒತ್ತುವುದರ ಜೊತೆಗೆ ಹೊರಕ್ಕೂ ತಳ್ಳುತ್ತದೆ, ಎಂಟು ಕಮಾನುಗಳು ಒಂದನ್ನೊಂದು ಹಾದು ಒಳಕ್ಕೆ ಬಾಗಿರುವುದರಿಂದ ಅವುಗಳ ಭಾರ ಆ ತಳ್ಳುವಿಕೆಗೆ ಎದುರು ನಿಲ್ಲುತ್ತದೆ ಎಂದು ನಾನು ಬಲಗಳ ಚಿತ್ರ ಬರೆಯಹೊರಟೆ. ಅವರು ನನ್ನ ಸೀಸದಕಡ್ಡಿ ಇಸಿದುಕೊಂಡು ಮಗನನ್ನು ಕರೆದರು. ಒಂದು ಚೌಕ ಬರೆಸಿದರು. ಅದರ ಮೇಲೆ ಓರೆಯಾಗಿ ಇನ್ನೊಂದು ಚೌಕ. “ನೋಡು, ಎಂಟು ಮೂಲಿ ಆದ್ವು. ನಡುವ ಎಂಟು ಮೂಲಿ ತೊಲಿ ಉಳೀತು. ಇನ್ನ ದುಂಡಗ ಮಾಡೋದು ಎಷ್ಟು ಹೊತ್ತಿನ ಕೆಲಸ?” ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂಡಿಸುವ ಲೆಕ್ಕವನ್ನು ಇಷ್ಟು ಸರಳವಾಗಿ ನಾನು ಎಂದೂ ಹೇಳಿರಲಿಲ್ಲ.

ಜಗತ್ತಿನ ಎರಡನೆಯ ದೊಡ್ಡ ಗುಮ್ಮಟ ಇದೇ ಎಂದು ಅಜ್ಜ ಹೇಳಿದರು, ಎಲ್ಲರೂ ಹೇಳುತ್ತಾರೆ. ಹಾಗಲ್ಲ. ರೋಮಿನ ಪ್ಯಾಂಥಿಯನ್ನಿನ ಗುಮ್ಮಟ 43 ಮೀಟರಿಗೂ ಮಿಕ್ಕಿದೆ, ಅಲ್ಲಿಯದೇ ಸೇಂಟ್ ಪೀಟರನದೂ ಇದಕ್ಕಿಂತ ಅಗಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಈ ಗೋರಿಗೆ ಅದರಿಂದೇನೂ ಕಡಿಮೆಯಾಗದು.

ಜಾಮಿಯಾ ಮಸೀದಿಯ ವಿಶಾಲ ನೆರಳಿನಲ್ಲಿ ಬುತ್ತಿ ಬಿಚ್ಚಬೇಕೆಂದಿದ್ದವರಿಗೆ ಅಜ್ಜ ಗದರಿಸಿ ಹೊರಗೆ ಮರದ ಕೆಳಗೆ ಕೂಡಿಸಿದರು. ಸರಿಯಾಗಿಯೇ ಮಾಡಿದರು. ರೊಟ್ಟಿ, ಶೇಂಗಾ ಚಟ್ನಿ ತಿಂದು ಬಾರಾಕಮಾನಿಗೆ ನಡೆದೆವು.

ಎರಡನೆಯ ಅಲಿ ಆದಿಲ್ ಶಾಹ ತನಗಾಗಿ ಕಟ್ಟಿಸತೊಡಗಿದ ಗೋರಿ ಇದು. ಅವನು 1672ರಲ್ಲಿ ತೀರಿಕೊಂಡ. ಕಟ್ಟಡ ಅರ್ಧಕ್ಕೆ ನಿಂತಿತು. 1686ರಲ್ಲಿ ಔರಂಗಜೇಬ ಊರನ್ನೇ ಗೆದ್ದುಕೊಂಡ. ಮೇಲೆ ಛಾವಣಿಯಿಲ್ಲ, ಆಕಾಶಕ್ಕೆ ಕಪ್ಪು ಕಮಾನುಗಳ ಸಾಲು. ಉಳಿದ ಕಡೆ ಕಟ್ಟಡ ನೋಡುತ್ತೇವೆ, ಇಲ್ಲಿ ಕಟ್ಟುವ ಕೆಲಸ ನೋಡುತ್ತೇವೆ. ಆದರೂ ಗೈಡುಗಳು ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸುವುದಿಲ್ಲ. ನಾವು ಒಂದು ತಾಸು ನಿಂತೆವು, ಯಾಕೆಂದರೆ ಗೌಂಡಿ ಕದಲಲಿಲ್ಲ. ಮಕ್ಕಳೇ ಅವರ ಸುತ್ತ ಕೂತರು.

“ಸೆಂಟ್ರಿಂಗ್ ಇಲ್ದ ಕಮಾನ ಏರಾಂಗಿಲ್ಲ. ಕೆಳಗ ಆಧಾರ ಕೊಟ್ಟು, ಎರಡೂ ಕಡಿಂದ ಸಮಾ ಏರಸ್ಕೋಂತ ಬರಬೇಕು. ಒಂದ ಕಡೆ ಜಾಸ್ತಿ ಆತಂದ್ರ ಮುಗೀತು. ನೆತ್ತಿ ಕಲ್ಲು ಕುಂತ ಮ್ಯಾಲೆ ಆಧಾರ ತಗೀಬೇಕು.”

“ಆಮ್ಯಾಲೆ ಬೀಳಾಂಗಿಲ್ಲೇನ್ರಿ ಕಾಕಾ?” ಹುಡುಗಿಯೊಬ್ಬಳು ಕೇಳಿದಳು.

“ಎಲ್ಲಾ ಕಲ್ಲೂ ಬೀಳಾಕ ನೋಡತಾವವಾ. ಎಲ್ಲಾವೂ ಒಮ್ಮೆಲೆ ಬೀಳಾಕ ನೋಡತಾವಲ್ಲ, ಅದಕ್ಕ ಒಂದೂ ಬೀಳಾಂಗಿಲ್ಲ.”

ಮಗ ತಂದೆಯ ಮುಖವನ್ನೇ ನೋಡುತ್ತಿದ್ದ. ಅಪ್ಪನಿಗೆ ಇಷ್ಟು ಮಾತು ಬರುತ್ತದೆಂದು ಅವನಿಗೂ ಗೊತ್ತಿದ್ದಂತಿರಲಿಲ್ಲ.

ಪಶ್ಚಿಮದ ಕೋಟೆಗೋಡೆಯ ಮೇಲೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. 1854ರಲ್ಲಿ ಇದನ್ನು ಹರಾಜಿಗಿಟ್ಟಾಗ ಬಂದ ಕೂಗು 150 ರೂಪಾಯಿ! ಮಾರಾಟ ರದ್ದಾಗಿ ತೋಪು ಉಳಿಯಿತು. ಎಂಥ ಬಿಸಿಲಿನಲ್ಲಿಯೂ ಇದು ತಣ್ಣಗಿರುತ್ತದೆಂದು ಅಜ್ಜ ಹೇಳಿದರು. ಕೈ ಹಚ್ಚಿ ನೋಡಿದರೆ ಬಿಸಿಲ ಬದಿ ಬೆಚ್ಚಗೆ, ನೆರಳಿನ ಬದಿ ಚೆನ್ನಾಗಿ ತಣ್ಣಗೆ. ಇಷ್ಟು ಲೋಹ ಕಾಯಲು ಹೊತ್ತು ಬೇಕು. ರಾತ್ರಿಯ ತಂಪು ಅದರ ಮೈಯಲ್ಲಿ ಬಹಳ ಹೊತ್ತು ಉಳಿದಿರುತ್ತದೆ. ಅಜ್ಜನೂ ನೆರಳಿನ ಬದಿ ಕೈಯಿಟ್ಟು, “ನಾನು ಯಾವಾಗಲೂ ಈ ಕಡೆನೇ ಮುಟ್ಟತಿದ್ದೆ” ಎಂದು ನಕ್ಕರು.

ಉಪ್ಪಲಿ ಬುರುಜು ಹತ್ತಿ ಇಳಿಯುವಷ್ಟರಲ್ಲಿ ಕೆಲವರ ಕಾಲು ಸೋತಿದ್ದವು, ಅವರಲ್ಲಿ ನಾನೂ ಒಬ್ಬ. ತಾಜ್ ಬಾವಡಿಯ ಮೆಟ್ಟಿಲ ಮೇಲೆ ಕೂತು ನೀರಿನ ಕಥೆ ಹೇಳಿದೆ. ತೊರವಿಯ ಕಡೆಯಿಂದಲೂ ಬೇಗಂ ತಾಲಾಬಿನಿಂದಲೂ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಬರುತ್ತಿತ್ತು. ದಾರಿಯಲ್ಲಿ ಒತ್ತಡ ಹೆಚ್ಚಿ ಕೊಳವೆ ಒಡೆಯದಿರಲೆಂದು ಅಲ್ಲಲ್ಲಿ ‘ಗಂಜ್’ ಎಂಬ ಗೋಪುರಗಳಿದ್ದವು. ಊರೊಳಗೆ ಅಂಥವು ಇಂದಿಗೂ ನಿಂತಿವೆ, ಮಕ್ಕಳು ದಾರಿಯಲ್ಲಿ ನೋಡಿಯೂ ಇದ್ದರು, ಏನೆಂದು ಕೇಳಿರಲಿಲ್ಲ. ಇಬ್ರಾಹಿಂ ರೋಜಾ ಮುಟ್ಟಿದಾಗ ಸಂಜೆ. ಅದರ ಜಾಲಂಧ್ರಗಳನ್ನು ವರ್ಣಿಸುವ ಶಕ್ತಿ ನನಗಿಲ್ಲ. ಅಂದು ನಿಲ್ಲುವ ಶಕ್ತಿಯೂ ಇರಲಿಲ್ಲ.

ರಾತ್ರಿ ಬಸ್ಸಿನಲ್ಲಿ ಮಕ್ಕಳು ಮಲಗಿದ ಮೇಲೆ ಗೌಂಡಿ ನನ್ನ ಪಕ್ಕದ ಸೀಟಿಗೆ ಬಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಸರ, ಕಟ್ಟಡದ್ದು ಕಲಸ್ತಾರಂತಲ್ರಿ, ಡಿಪ್ಲೊಮಾ. ಎಷ್ಟು ವರ್ಷ್ರೀ ಅದು?”

ಹತ್ತನೆಯ ತರಗತಿಯ ನಂತರ ಮೂರು ವರ್ಷ, ಸರಕಾರಿ ಪಾಲಿಟೆಕ್ನಿಕ್ಕಿನಲ್ಲಿ ಖರ್ಚು ಕಡಿಮೆ, ಮುಂದೆ ಓದುವುದಾದರೆ ನೇರವಾಗಿ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು ಎಂದೆ. ಗಣಿತ ಮಾತ್ರ ಸುಧಾರಿಸಬೇಕು ಎಂದೂ ಹೇಳಿದೆ.

“ಮೂರು ವರ್ಷ” ಎಂದು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. “ಗೋವಾದ ಮಾಲಕರಿಗೆ ಒಂದ ಮಾತು ಹೇಳಬೇಕಾಗತೈತಿ.”

ಹಿಂದಿನ ಸೀಟಿನಲ್ಲಿ ಮಗ ಮಲಗಿದ್ದ. ಮಲಗಿದ್ದನೋ, ಕೇಳಿಸಿಕೊಳ್ಳುತ್ತಿದ್ದನೋ ಕತ್ತಲಲ್ಲಿ ತಿಳಿಯಲಿಲ್ಲ.